500ರ ಪಕ್ಕದಲ್ಲಿ ಒಂದು 5: ಬಾಯಿ ಬಿಡದ ಸರ್ವರಿಗೆ ಎರರ್ ಲಾಗ್ ಕಟ್ಟಿದ್ದು

ಸರ್ವರಿಗೆ ಬಂದ ಪ್ರತಿ ವಿನಂತಿಯನ್ನು ಬರೆದಿಡುವ ಆಕ್ಸೆಸ್ ಲಾಗಿನಲ್ಲಿ ಒಂದೇ ಬಗೆಯ ಸಾಲು ಆಗಾಗ ಕಾಣುತ್ತಿತ್ತು. ಸ್ಟೇಟಸ್ ಕೋಡ್ 500 (ಸರ್ವರಿನೊಳಗೇ ಏನೋ ಕೆಟ್ಟಿದೆ ಎಂದರ್ಥ), ಅದರ ಪಕ್ಕದಲ್ಲಿ, ಅಂದರೆ ಕಳಿಸಿದ ಬೈಟುಗಳ ಲೆಕ್ಕದ ಜಾಗದಲ್ಲಿ, 5. ಬಳಕೆದಾರರಿಗೆ ಕಾಣುತ್ತಿದ್ದದ್ದು ಬಿಳಿ ಪುಟ, ಅಷ್ಟೇ. ಏನೂ ಇಲ್ಲದ ಪುಟಕ್ಕೆ ಐದು ಬೈಟು ಎಲ್ಲಿಂದ ಬಂತು? ಎಚ್‌ಟಿಟಿಪಿ 1.1ರಲ್ಲಿ ಉತ್ತರದ ಉದ್ದ ಮೊದಲೇ ಗೊತ್ತಿಲ್ಲದಿದ್ದರೆ ಸರ್ವರ್ ಅದನ್ನು ತುಂಡು ಮಾಡಿ ಕಳಿಸುತ್ತದೆ. ಮುಗಿಯಿತು ಎನ್ನುವುದಕ್ಕೆ ಕೊನೆಯಲ್ಲಿ ಒಂದು ಸೊನ್ನೆ, ಎರಡು ಲೈನ್ ಬ್ರೇಕ್. ಸೊನ್ನೆಗೆ ಒಂದು ಬೈಟು, ಲೈನ್ ಬ್ರೇಕಿಗೆ ಎರಡೆರಡು, ಅಲ್ಲಿಗೆ ಐದು. ಪುಟ ತಯಾರಿಸುವ ಪಿಎಚ್‌ಪಿ ಒಂದಕ್ಷರವನ್ನೂ ಕೊಡದೆ ಸತ್ತಿದೆ, ವೆಬ್ ಸರ್ವರ್ ಎಂಜಿನ್‌ಎಕ್ಸ್ ಬರೀ ಮುಕ್ತಾಯದ ಗುರುತು ಕಳಿಸಿ ಕೈತೊಳೆದುಕೊಂಡಿದೆ ಎಂದರ್ಥ. ಎಚ್‌ಟಿಟಿಪಿ 2 ಆಗಿದ್ದರೆ ಅಲ್ಲಿ 0 ಇರುತ್ತಿತ್ತು.

ಯಾಕೆ ಸತ್ತಿತು ಅಂತ ನೋಡಲು ಎರರ್ ಲಾಗ್ ತೆರೆದರೆ ಸೊನ್ನೆ ಬೈಟಿನ ಫೈಲ್. ನಿನ್ನೆಯದೂ ಖಾಲಿ, ಅದರ ಹಿಂದಿನದೂ ಖಾಲಿ.

ಸರ್ವರ್ ಬೇರೆಯವರ ಕೈಯಿಂದ ನನ್ನ ಕೈಗೆ ಬಂದದ್ದು. ಡೆಬಿಯನ್ 12, ಎಂಜಿನ್‌ಎಕ್ಸ್, ಪಿಎಚ್‌ಪಿ 8.2 ಎಫ್‌ಪಿಎಂ (ಪಿಎಚ್‌ಪಿ ಓಡಿಸುವ ವರ್ಕರ್ ಪ್ರೋಸೆಸ್‌ಗಳನ್ನು ನೋಡಿಕೊಳ್ಳುವ ಸರ್ವೀಸ್), ಡೇಟಾಬೇಸಿಗೆ ಮಾರಿಯಾಡಿಬಿ. ಮೇಲೆ ಓಡುವುದು ವರದಿ ತೆಗೆಯುವ ಒಂದು ಆ್ಯಪ್. ದಿನಾಂಕ ಕೊಟ್ಟರೆ ಸಿಎಸ್‌ವಿ ಫೈಲ್ ಇಳಿಯುತ್ತದೆ. ಬಿಳಿ ಪುಟ ಬರುವುದು ಒಮ್ಮೊಮ್ಮೆ, ಎಲ್ಲರಿಗೂ ಅಲ್ಲ. ಕಮಾಂಡ್ ಲೈನಿನಲ್ಲಿ ಅದೇ ಕೋಡ್ ಓಡಿಸಿದರೆ ಸರಾಗವಾಗಿ ಮುಗಿಯುತ್ತದೆ. ಇಂಥದ್ದರಲ್ಲಿ ಊಹೆ ಮಾಡುತ್ತಾ ಕೂರುವುದಕ್ಕಿಂತ ಮೊದಲು ಲಾಗ್ ಸರಿ ಮಾಡುವುದೇ ವಾಸಿ ಅನ್ನಿಸಿತು. ಬಗ್ ಆಮೇಲೆ.

ಕಮಾಂಡ್, ಡೈರೆಕ್ಟಿವ್, ಪಾಥ್ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದದೇ ಇಂಗ್ಲಿಷ್ ಸ್ಪೆಲಿಂಗ್ ಹಾಕಿಕೊಳ್ಳಿ.

ಎರರ್ ಎಲ್ಲೆಲ್ಲಿ ಹಾದು ಹೋಗುತ್ತದೆ

ಕೋಡಿನಲ್ಲಿ ಹುಟ್ಟಿದ ಎರರ್ ಡಿಸ್ಕಿಗೆ ಮುಟ್ಟುವ ಮೊದಲು ಕನಿಷ್ಠ ನಾಲ್ಕು ಕಡೆ ತಡೆ ಇದೆ. ಮೊದಲನೆಯದು ಎರರ್_ರಿಪೋರ್ಟಿಂಗ್: ಯಾವ ಬಗೆಯ ಎರರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು. ಎರಡನೆಯದು ಲಾಗ್_ಎರರ್ಸ್: ಲೆಕ್ಕಕ್ಕೆ ಬಂದದ್ದನ್ನು ಬರೆಯಬೇಕೋ ಬೇಡವೋ. ಮೂರನೆಯದು ಪಿಎಚ್‌ಪಿಯ ಎರರ್_ಲಾಗ್: ಯಾವ ಫೈಲಿಗೆ. ಅದನ್ನು ಖಾಲಿ ಬಿಟ್ಟಿದ್ದರೆ ಸಂದೇಶ ಫಾಸ್ಟ್‌ಸಿಜಿಐ (ಪಿಎಚ್‌ಪಿ, ಎಂಜಿನ್‌ಎಕ್ಸ್ ಮಾತಾಡಿಕೊಳ್ಳುವ ಪ್ರೋಟೋಕಾಲ್) ಮೂಲಕ ಎಂಜಿನ್‌ಎಕ್ಸ್‌ಗೆ ಹೋಗುತ್ತದೆ, ಅಲ್ಲಿ ನಾಲ್ಕನೆಯ ತಡೆ, ಎಂಜಿನ್‌ಎಕ್ಸ್‌ನ ಸ್ವಂತ ಲೆವೆಲ್. ಇವುಗಳಲ್ಲಿ ಯಾವುದೊಂದು ಮುಚ್ಚಿದ್ದರೂ ಫೈಲ್ ಖಾಲಿ. ನಮ್ಮಲ್ಲಿ ಎರಡು ಮುಚ್ಚಿದ್ದವು.

ಹುಡುಕಾಟ ಕೆಳಗಿನಿಂದ ಶುರು ಮಾಡಿದೆ. ಕಾನ್ಫಿಗ್ ಫೈಲುಗಳನ್ನು ಒಂದೊಂದಾಗಿ ತೆರೆದು ಓದುವ ಗೋಜಿಗೆ ಹೋಗಬೇಡಿ. ಇನ್‌ಕ್ಲೂಡ್ ಒಳಗೆ ಇನ್‌ಕ್ಲೂಡ್ ಇದ್ದರೆ ದಾರಿ ತಪ್ಪುತ್ತದೆ. 'ಎಂಜಿನ್‌ಎಕ್ಸ್ -ಟಿ' ಅಂತ ದೊಡ್ಡ ಟಿ ಅಕ್ಷರದಲ್ಲಿ ಕೊಟ್ಟರೆ ಎಲ್ಲವನ್ನೂ ಒಟ್ಟುಗೂಡಿಸಿ ಪರದೆಗೆ ಸುರಿಯುತ್ತದೆ. ಸಣ್ಣ ಟಿ ಕೊಟ್ಟರೆ ಬರೀ ಸಿಂಟ್ಯಾಕ್ಸ್ ಪರೀಕ್ಷೆ. ಸುರಿದದ್ದರಲ್ಲಿ ಎರರ್_ಲಾಗ್ ಅಂತ ಗ್ರೆಪ್ ಮಾಡಿ ಹುಡುಕಿದಾಗ ಎರಡು ಸಾಲು ಸಿಕ್ಕವು. ಮೇಲಿನದು ಮುಖ್ಯ ಫೈಲಿನಲ್ಲಿ, ಎಂದಿನಂತೆ. ಇನ್ನೊಂದು ಸೈಟಿನ ಸರ್ವರ್ ಬ್ಲಾಕಿನೊಳಗೆ, ಅದರ ಕೊನೆಯಲ್ಲಿ 'ಕ್ರಿಟ್' ಅನ್ನುವ ಪುಟ್ಟ ಪದ.

ಎಂಜಿನ್‌ಎಕ್ಸ್‌ನಲ್ಲಿ ಲೆವೆಲ್ ಎಂಟು. ಡಿಬಗ್, ಇನ್ಫೋ, ನೋಟಿಸ್, ವಾರ್ನ್, ಎರರ್, ಕ್ರಿಟ್, ಅಲರ್ಟ್, ಎಮರ್ಜ್. ಒಂದನ್ನು ಆರಿಸಿದರೆ ಅದೂ ಅದಕ್ಕಿಂತ ಗಂಭೀರವಾದವೂ ಬರುತ್ತವೆ, ಕೆಳಗಿನವು ಹೋಗುತ್ತವೆ. ಏನೂ ಬರೆಯದಿದ್ದರೆ ಎರರ್ ಲೆವೆಲ್. ಪಿಎಚ್‌ಪಿಯಿಂದ ಬಂದ ಸಂದೇಶವನ್ನು ಎಂಜಿನ್‌ಎಕ್ಸ್ ಬರೆದುಕೊಳ್ಳುವುದು 'ಫಾಸ್ಟ್‌ಸಿಜಿಐ ಸೆಂಟ್ ಇನ್ ಎಸ್‌ಟಿಡಿಎರ್' ಅಂತ (ಎಸ್‌ಟಿಡಿಎರ್ ಅಂದರೆ ಪ್ರೋಗ್ರಾಮ್ ತನ್ನ ಎರರ್ ಹೊರಹಾಕುವ ದಾರಿ), ಎರರ್ ಲೆವೆಲ್ಲಿನಲ್ಲಿ. ಪಿಎಚ್‌ಪಿ ಒಳಗೆ ಅದು ಎಷ್ಟೇ ದೊಡ್ಡ ಫೇಟಲ್ ಆಗಿದ್ದರೂ ಎಂಜಿನ್‌ಎಕ್ಸ್ ಕಣ್ಣಿಗೆ ಬರೀ ಎರರ್. ಹಾಗಾಗಿ ಕ್ರಿಟ್ ಇಟ್ಟವರು ಆ್ಯಪಿನ ಬಾಯನ್ನು ಪೂರ್ತಿ ಹೊಲಿದಂತಾಯಿತು. ಅಪ್‌ಸ್ಟ್ರೀಮ್ (ಇಲ್ಲಿ ಹಿಂದೆ ಕೂತಿರುವ ಪಿಎಚ್‌ಪಿ) ಟೈಮ್‌ಔಟ್ ಕೂಡ ಎರರ್ ಲೆವೆಲ್ಲೇ, ಅದೂ ಹೋಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮ. ಸರ್ವರ್ ಬ್ಲಾಕಿನಲ್ಲಿ ಎರರ್_ಲಾಗ್ ಬರೆದರೆ ಅದು ಮೇಲಿನದಕ್ಕೆ ಸೇರಿಕೊಳ್ಳುವುದಿಲ್ಲ, ಮೇಲಿನದನ್ನು ತೆಗೆದುಹಾಕಿ ತಾನು ಕೂರುತ್ತದೆ. ಮುಖ್ಯ ಫೈಲಿನಲ್ಲಿ ಎಲ್ಲ ಸರಿ ಇದೆಯಲ್ಲ ಅಂತ ನೆಮ್ಮದಿಯಾಗಿ ಇರುವವರು ಇದನ್ನು ಗಮನಿಸಬೇಕು. ಎರಡೂ ಕಡೆ ಬರೆಯಬೇಕೆಂದರೆ ಒಂದೇ ಬ್ಲಾಕಿನಲ್ಲಿ ಎರಡು ಸಾಲು ಹಾಕಬಹುದು; 1.5.2ರಿಂದ ಈಚೆಗೆ ಅದಕ್ಕೆ ಅವಕಾಶ ಇದೆ. ಹಾಗೇ, ಲಾಗ್ ನಿಲ್ಲಿಸಲು 'ಎರರ್_ಲಾಗ್ ಆಫ್' ಬರೆಯುವವರನ್ನು ನೋಡಿದ್ದೇನೆ. ಆಕ್ಸೆಸ್ ಲಾಗಿಗೆ ಅದು ನಡೆಯುತ್ತದೆ. ಎರರ್ ಲಾಗಿಗೆ ಬರೆದರೆ 'ಆಫ್' ಅನ್ನುವ ಹೆಸರಿನ ಒಂದು ಫೈಲ್ ಹುಟ್ಟಿ ಅದರೊಳಗೆ ಲಾಗ್ ತುಂಬುತ್ತಾ ಹೋಗುತ್ತದೆ.

ಕ್ರಿಟ್ ತೆಗೆದು ವಾರ್ನ್ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ 'ಅಪ್‌ಸ್ಟ್ರೀಮ್ ಉತ್ತರವನ್ನು ತಾತ್ಕಾಲಿಕ ಫೈಲಿಗೆ ಹಾಕಿದೆ' ಅನ್ನುವ ಎಚ್ಚರಿಕೆಗಳು ಸಾಲುಗಟ್ಟಿದವು. ದೊಡ್ಡ ಸಿಎಸ್‌ವಿ ಇಳಿಯುವ ಸೈಟಿನಲ್ಲಿ ಅದು ಸಹಜ, ತೊಂದರೆಯಲ್ಲ. ಬಫರ್ ಗಾತ್ರ ಸರಿಪಡಿಸುವಾಗ ವಾರ್ನ್ ಬೇಕಾಗುತ್ತದೆ, ದಿನನಿತ್ಯಕ್ಕೆ ಎರರ್ ಸಾಕು ಅಂತ ತೀರ್ಮಾನಿಸಿ ಅಲ್ಲಿಗೆ ಇಳಿಸಿದೆ. ಡಿಬಗ್ ಲೆವೆಲ್ ಬೇಕಾದವರು ಅದನ್ನು ಇಡೀ ಸೈಟಿಗೆ ಹಾಕಬೇಡಿ. ಡಿಬಗ್_ಕನೆಕ್ಷನ್ ಅಂತ ಒಂದು ಡೈರೆಕ್ಟಿವ್ ಇದೆ, ಒಂದೇ ಐಪಿ ವಿಳಾಸಕ್ಕೆ ಮಾತ್ರ ಡಿಬಗ್ ಆನ್ ಮಾಡುತ್ತದೆ.

ರೀಲೋಡ್ ಮಾಡಿ, ಬಿಳಿ ಪುಟ ಬರುವ ವಿನಂತಿಯನ್ನೇ ಮತ್ತೆ ಕಳಿಸಿದೆ. 500, 5. ಎರರ್ ಲಾಗಿನಲ್ಲಿ ಅದರ ಬಗ್ಗೆ ಇನ್ನೂ ಒಂದು ಸಾಲೂ ಇಲ್ಲ.

ಕೋಡಿನೊಳಗಿನ ಸೊನ್ನೆ

ಉಳಿದದ್ದು ಪಿಎಚ್‌ಪಿ ಕಡೆಯ ತಡೆಗಳು. ಎಫ್‌ಪಿಎಂ ಓದುವ ಪಿಎಚ್‌ಪಿ.ಐಎನ್‌ಐ ನೋಡಿದೆ, ಲಾಗ್_ಎರರ್ಸ್ ಆನ್ ಇದೆ, ಡಿಸ್‌ಪ್ಲೇ_ಎರರ್ಸ್ ಆಫ್ ಇದೆ, ಪ್ರೊಡಕ್ಷನ್ನಿಗೆ ಇರಬೇಕಾದ ಹಾಗೇ. ಅಲ್ಲಿಗೆ ಅನುಮಾನ ಕೋಡಿನ ಮೇಲೆ. ಇಡೀ ಮೂಲದಲ್ಲಿ ಎರರ್_ರಿಪೋರ್ಟಿಂಗ್ ಅಂತ ಹುಡುಕಿದರೆ, ಆ್ಯಪಿನಲ್ಲಿ ಎಲ್ಲಕ್ಕಿಂತ ಮೊದಲು ಓಡುವ ಬೂಟ್‌ಸ್ಟ್ರ್ಯಾಪ್ ಫೈಲಿನ ಮೂರನೇ ಸಾಲಿನಲ್ಲೇ ಕೂತಿತ್ತು: ಆವರಣದೊಳಗೆ ಸೊನ್ನೆ. ಯಾವ ಕಾಲದಲ್ಲೋ ಯಾರಿಗೋ ಪುಟದ ಮೇಲೆ ನೋಟಿಸ್‌ಗಳು ಕಂಡು ಕಿರಿಕಿರಿಯಾಗಿರಬೇಕು. ಐಎನ್‌ಐ ಫೈಲಿನಲ್ಲಿ ಏನೇ ಬರೆದಿದ್ದರೂ ಆ ಒಂದು ಸಾಲು ಓಡಿದ ಮೇಲೆ ಫೇಟಲ್ ಎರರ್ ಕೂಡ ಲಾಗಿಗೆ ಬರುವುದಿಲ್ಲ. ತೋರಿಸಬೇಡ ಅನ್ನುವುದು ಬೇರೆ, ಬರೆದಿಡಬೇಡ ಅನ್ನುವುದು ಬೇರೆ. ತೋರಿಸದಿರಲು ಡಿಸ್‌ಪ್ಲೇ_ಎರರ್ಸ್ ಇದೆ, ಎರರ್_ರಿಪೋರ್ಟಿಂಗಿಗೆ ಸೊನ್ನೆ ಹಾಕುವ ಅಗತ್ಯ ಯಾವತ್ತೂ ಬರುವುದಿಲ್ಲ. ಸಾಲು ಅಳಿಸಿದೆ.

ಆ್ಯಪಿಗೆ ತನ್ನದೇ ಲಾಗರ್ ಒಂದಿತ್ತು, ಸೆಟ್_ಎರರ್_ಹ್ಯಾಂಡ್ಲರ್ ಮೇಲೆ ಕಟ್ಟಿದ್ದು. ಅದರ ಫೈಲಿನಲ್ಲೂ ಈ ಸಾವಿನ ಸುಳಿವಿರಲಿಲ್ಲ, ಯಾಕೆಂದರೆ ಆ ಹ್ಯಾಂಡ್ಲರಿಗೆ ಫೇಟಲ್ ಎರರ್ ಸಿಗುವುದೇ ಇಲ್ಲ. ವಾರ್ನಿಂಗ್, ನೋಟಿಸ್ ಸಿಗುತ್ತವೆ. ಮೆಮೊರಿ ಮುಗಿದು ಸತ್ತದ್ದನ್ನು ಹಿಡಿಯಬೇಕಾದರೆ ಶಟ್‌ಡೌನ್ ಫಂಕ್ಷನ್ ನೋಂದಾಯಿಸಿ, ಅದರೊಳಗೆ ಎರರ್_ಗೆಟ್_ಲಾಸ್ಟ್ ಕೇಳಬೇಕು.

ಫೈಲ್ ಎಲ್ಲಿರಬೇಕು, ಯಾರದಾಗಿರಬೇಕು

ಪಿಎಚ್‌ಪಿ ಎರರ್‌ಗಳನ್ನು ಎಂಜಿನ್‌ಎಕ್ಸ್ ಲಾಗಿಗೇ ಬಿಡಬಹುದಿತ್ತು. ಬಿಡದಿರುವುದಕ್ಕೆ ಕಾರಣ ಇದೆ. ಎಂಜಿನ್‌ಎಕ್ಸ್ ತನ್ನ ಎರರ್ ಲಾಗಿನ ಒಂದು ನಮೂದಿಗೆ 2048 ಬೈಟಿನ ಮಿತಿ ಇಟ್ಟುಕೊಂಡಿದೆ. ಉದ್ದನೆಯ ಸ್ಟ್ಯಾಕ್ ಟ್ರೇಸ್ ಬಂದರೆ ಬಾಲ ಕತ್ತರಿಸಿ ಹೋಗುತ್ತದೆ, ನಮಗೆ ಬೇಕಾದ್ದು ಸಾಮಾನ್ಯವಾಗಿ ಆ ಬಾಲದಲ್ಲೇ ಇರುತ್ತದೆ. ಹಾಗಾಗಿ ಎಫ್‌ಪಿಎಂನ ಪೂಲ್ (ಸೈಟಿನ ವರ್ಕರ್‌ಗಳ ಗುಂಪು) ಕಾನ್ಫಿಗಿಗೆ ಈ ಸಾಲುಗಳು:

ಪಿಎಚ್‌ಪಿ_ಅಡ್ಮಿನ್_ಫ್ಲ್ಯಾಗ್[ಲಾಗ್_ಎರರ್ಸ್] = ಆನ್
ಪಿಎಚ್‌ಪಿ_ಅಡ್ಮಿನ್_ಫ್ಲ್ಯಾಗ್[ಡಿಸ್‌ಪ್ಲೇ_ಎರರ್ಸ್] = ಆಫ್
ಪಿಎಚ್‌ಪಿ_ಅಡ್ಮಿನ್_ವ್ಯಾಲ್ಯೂ[ಎರರ್_ಲಾಗ್] = /ವಾರ್/ಲಾಗ್/ಪಿಎಚ್‌ಪಿ/ವರದಿ.ಲಾಗ್
ಕ್ಯಾಚ್_ವರ್ಕರ್ಸ್_ಔಟ್‌ಪುಟ್ = ಯೆಸ್

'ಅಡ್ಮಿನ್' ಸೇರಿಸಿದರೆ ಕೋಡಿನೊಳಗಿಂದ ಐಎನ್‌ಐ_ಸೆಟ್ ಮಾಡಿ ಬದಲಿಸಲು ಆಗುವುದಿಲ್ಲ. ಬರೀ ಪಿಎಚ್‌ಪಿ_ವ್ಯಾಲ್ಯೂ ಅಂದರೆ ಬದಲಿಸಬಹುದು. ಕೊನೆಯ ಸಾಲು ವರ್ಕರ್ ಪ್ರೋಸೆಸ್ ನೇರವಾಗಿ ತನ್ನ ಎಸ್‌ಟಿಡಿಎರ್‌ಗೆ ಬರೆದದ್ದನ್ನು ಎಫ್‌ಪಿಎಂ ಲಾಗಿಗೆ ತರುತ್ತದೆ. ಡೀಫಾಲ್ಟ್ ನೋ, ಆಗ ಅದು /ಡೆವ್/ನಲ್‌ಗೆ ಹೋಗಿ ಮಾಯ.

ಡೈರೆಕ್ಟರಿ ಯಾರ ಹೆಸರಲ್ಲಿರಬೇಕು ಅನ್ನುವುದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹೆಚ್ಚಿನ ಕಡೆ ಕೊಡುವ ಸಲಹೆ: ಪಿಎಚ್‌ಪಿ ಓಡುವ ಬಳಕೆದಾರನಿಗೆ, ಡೆಬಿಯನ್ನಿನಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾಗೆ, ಡೈರೆಕ್ಟರಿಯನ್ನೇ ಬರೆದುಕೊಟ್ಟುಬಿಡಿ. ಕೆಲಸ ನಡೆಯುತ್ತದೆ, ನಿಜ. ಆದರೆ ಡೈರೆಕ್ಟರಿ ಅವನದಾದರೆ ಅದರೊಳಗಿನ ಫೈಲನ್ನು ಅಳಿಸಿ, ಅದೇ ಹೆಸರಿನಲ್ಲಿ ಬೇರೆಲ್ಲಿಗೋ ತೋರಿಸುವ ಸಿಮ್‌ಲಿಂಕ್ ಇಡುವ ಅಧಿಕಾರವೂ ಅವನದೇ. 2016ರಲ್ಲಿ ಡೆಬಿಯನ್ ಮತ್ತು ಉಬುಂಟುವಿನ ಎಂಜಿನ್‌ಎಕ್ಸ್ ಪ್ಯಾಕೇಜಿನಲ್ಲಿ ಸಿಕ್ಕ ಸಿವಿಇ-2016-1247 ಅನ್ನುವ ಭದ್ರತಾ ದೋಷ ಇದೇ. ಲಾಗ್ ಡೈರೆಕ್ಟರಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಹೆಸರಲ್ಲಿತ್ತು. ಆ್ಯಪಿನ ಒಂದು ತೂತಿನಿಂದ ಒಳಹೊಕ್ಕವನು ಲಾಗ್ ಫೈಲಿನ ಜಾಗದಲ್ಲಿ ಸಿಮ್‌ಲಿಂಕ್ ಇಟ್ಟು ಕಾಯುತ್ತಿದ್ದರೆ ಸಾಕು. ರಾತ್ರಿ ಲಾಗ್ ರೊಟೇಟ್ ಆಗುವಾಗ, ಅಂದರೆ ಹಳೆಯದನ್ನು ಪಕ್ಕಕ್ಕಿಟ್ಟು ಹೊಸ ಫೈಲ್ ಶುರುವಾಗುವಾಗ, ರೂಟ್ ಅಧಿಕಾರದಲ್ಲಿರುವ ಮಾಸ್ಟರ್ ಪ್ರೋಸೆಸ್ ಅದೇ ಹೆಸರನ್ನು ಮತ್ತೆ ತೆರೆಯುತ್ತದೆ, ಸಿಮ್‌ಲಿಂಕ್ ಹಿಂಬಾಲಿಸಿ ಅವನಿಗೆ ಬೇಕಾದ ಕಡೆ ಫೈಲ್ ಹುಟ್ಟಿಸಿ ಅವನ ಹೆಸರಿಗೇ ಮಾಡಿಕೊಡುತ್ತದೆ. ಅಲ್ಲಿಂದ ರೂಟ್ ಆಗುವುದು ಕಷ್ಟವಲ್ಲ. ಸರಿಪಡಿಸಿದ್ದು ಡೈರೆಕ್ಟರಿಯನ್ನು ರೂಟ್ ಹೆಸರಿಗೆ ಮರಳಿಸಿ.

ಆದ್ದರಿಂದ ಡೈರೆಕ್ಟರಿ ರೂಟ್ ಹೆಸರಲ್ಲಿ, ಗುಂಪು ಎಡಿಎಂ (ಲಾಗ್ ಓದುವವರ ಗುಂಪು), ಮೋಡ್ 755: ಒಡೆಯ ಮಾತ್ರ ಬರೆಯಬಹುದು, ಉಳಿದವರು ಒಳಗೆ ಹೋಗಬಹುದು. ಒಳಗಿನ ಫೈಲನ್ನು ನಾನೇ ಮೊದಲೇ ಹುಟ್ಟಿಸಿ, ಒಡೆತನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಗುಂಪು ಎಡಿಎಂ, ಮೋಡ್ 640. ಪಿಎಚ್‌ಪಿಗೆ ಫೈಲಿನೊಳಗೆ ಬರೆಯಲು ಬಂದರೆ ಸಾಕು, ಹೊಸ ಫೈಲ್ ಹುಟ್ಟಿಸುವ ಅಧಿಕಾರ ಬೇಕಿಲ್ಲ.

ಡೈರೆಕ್ಟರಿಗೆ 750 ಹಾಕಿದರೆ ಏನಾಗುತ್ತದೆ ಅಂತಲೂ ಬೇಕೆಂದೇ ನೋಡಿದೆ, ಏಕೆಂದರೆ ಈ ಲಕ್ಷಣ ಗೊತ್ತಿರುವುದು ಒಳ್ಳೆಯದು. ಎಡಿಎಂ ಗುಂಪಿನಲ್ಲಿಲ್ಲದ ಪಿಎಚ್‌ಪಿ ಬಾಗಿಲಲ್ಲೇ ನಿಲ್ಲುತ್ತದೆ. ಆಗ ಅದು ದೂರು ಹೇಳುವುದಿಲ್ಲ, ಫೈಲ್ ತೆರೆಯಲಾಗಲಿಲ್ಲ ಅಂತ ಎಲ್ಲೂ ಬರೆಯುವುದಿಲ್ಲ. ಸುಮ್ಮನೆ ಹಳೆಯ ದಾರಿ ಹಿಡಿದು ಎಂಜಿನ್‌ಎಕ್ಸ್‌ಗೆ ಕಳಿಸಿಬಿಡುತ್ತದೆ. ನಿಮ್ಮ ಪಿಎಚ್‌ಪಿ ಲಾಗ್ ಖಾಲಿ ಇದ್ದು ಎಂಜಿನ್‌ಎಕ್ಸ್ ಲಾಗಿನಲ್ಲಿ ಪಿಎಚ್‌ಪಿ ಸಂದೇಶ ಕಂಡರೆ ಮೊದಲು ಪರ್ಮಿಶನ್ ನೋಡಿ. ಎಸ್‌ಇಲಿನಕ್ಸ್ (ಪರ್ಮಿಶನ್ ಮೇಲೆ ಇನ್ನೊಂದು ಭದ್ರತಾ ಪದರ) ಇರುವ ಸರ್ವರಾದರೆ ಪರ್ಮಿಶನ್ ಜೊತೆಗೆ ಕಾಂಟೆಕ್ಸ್ಟ್ ಕೂಡ.

ಬೇಕೆಂದೇ ಕೆಡಿಸುವುದು

ಕಾನ್ಫಿಗ್ ಬರೆದು ರೀಲೋಡ್ ಆದ ಮಾತ್ರಕ್ಕೆ ನಾನು ನಂಬುವುದಿಲ್ಲ. ಒಂದು ಪರೀಕ್ಷಾ ಪುಟ ಬರೆದೆ, 127.0.0.1 ಬಿಟ್ಟು ಬೇರೆ ಯಾರಿಗೂ ತೆರೆಯದ ಹಾಗೆ ಲೊಕೇಶನ್ ಬ್ಲಾಕಿನಲ್ಲಿ ಕಟ್ಟಿ, ಸರ್ವರಿನಿಂದಲೇ ಕರ್ಲ್ ಮಾಡಿ ಬೇರೆ ಬೇರೆ ರೀತಿ ಸಾಯಿಸಿದೆ.

ಎರರ್_ಲಾಗ್ ಫಂಕ್ಷನ್ ನೇರವಾಗಿ ಕರೆದರೆ ಸಾಲು ಬಂತು. ಇದನ್ನೊಂದನ್ನೇ ಮಾಡಿ ಎಲ್ಲ ಸರಿ ಅಂದುಕೊಳ್ಳುವವರಿಗೆ ಒಂದು ಮಾತು: ಈ ಫಂಕ್ಷನ್ನಿಗೆ ಎರರ್_ರಿಪೋರ್ಟಿಂಗ್ ಲೆಕ್ಕಕ್ಕಿಲ್ಲ, ಸೊನ್ನೆ ಇದ್ದರೂ ಬರೆಯುತ್ತದೆ. ಫೈಲಿಗೆ ಬರೆಯಲು ಬರುತ್ತದೆ ಅನ್ನುವುದಕ್ಕಷ್ಟೇ ಅದು ಸಾಕ್ಷಿ. ಹಾಗಾಗಿ ಮುಂದೆ ಟ್ರಿಗರ್_ಎರರ್ ಇಂದ ಒಂದು ವಾರ್ನಿಂಗ್, ಇಲ್ಲದ ಫಂಕ್ಷನ್ ಕರೆದು ಒಂದು ಫೇಟಲ್, ಆವರಣ ಮುಚ್ಚದ ಫೈಲನ್ನು ಇನ್‌ಕ್ಲೂಡ್ ಮಾಡಿ ಒಂದು ಪಾರ್ಸ್ ಎರರ್, 20 ಕೋಟಿ ಅಕ್ಷರದ ಸ್ಟ್ರಿಂಗ್ ಕಟ್ಟಿ ಮೆಮೊರಿ ಎರರ್. ನಾಲ್ಕೂ ಪಿಎಚ್‌ಪಿ ಲಾಗಿನಲ್ಲಿ ಬಿದ್ದವು.

ಕೊನೆಗೆ ಒಂದು ವರ್ಕರ್ ಪ್ರೋಸೆಸ್ಸಿಗೆ ನೇರ ಸೆಗ್‌ಫಾಲ್ಟ್ ಸಿಗ್ನಲ್ ಕಳಿಸಿದೆ. ಇದು ಪಿಎಚ್‌ಪಿ ಲಾಗಿನಲ್ಲಿ ಬರಲಿಲ್ಲ, ಬರುವುದು ಸಾಧ್ಯವೂ ಇಲ್ಲ, ಬರೆಯಬೇಕಾದವನೇ ಸತ್ತಿದ್ದಾನೆ. ಎಫ್‌ಪಿಎಂನ ಸ್ವಂತ ಲಾಗಿನಲ್ಲಿ 'ಸಿಗ್ನಲ್ 11ರಿಂದ ನಿರ್ಗಮಿಸಿತು' ಅಂತ ಇತ್ತು. ಆ ಹೊತ್ತಿಗೆ ಅದು ಯಾವುದಾದರೂ ವಿನಂತಿ ನಡೆಸುತ್ತಿದ್ದರೆ ಎಂಜಿನ್‌ಎಕ್ಸ್‌ನಲ್ಲಿ 104 (ಆ ಕಡೆಯಿಂದ ಕನೆಕ್ಷನ್ ಕಡಿಯಿತು) ಅನ್ನುವ ಸಂಖ್ಯೆಯ ಜೊತೆ 502 ಕಾಣುತ್ತದೆ. ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವ ಕರ್ನಲ್ಲಿನ ಓಓಎಂ ಕಿಲ್ಲರ್ ಕೊಂದದ್ದಾದರೆ ಸಿಗ್ನಲ್ 9, ಹೆಚ್ಚಿನ ವಿವರ 'ಜರ್ನಲ್‌ಸಿಟಿಎಲ್ -ಕೆ' ಕೊಡುತ್ತದೆ. ಒಂದೇ ಸೈಟಿನ ಎರರ್ ಮೂರು ಬೇರೆ ಬೇರೆ ಫೈಲಿನಲ್ಲಿ ಇರಬಹುದು ಅನ್ನುವುದನ್ನು ತಂಡದ ಎಲ್ಲರಿಗೂ ತೋರಿಸಿದ್ದು ಈ ಪರೀಕ್ಷೆಯೇ.

ಎಂಜಿನ್‌ಎಕ್ಸ್ ಲಾಗಿನಲ್ಲಿ ಆವರಣದೊಳಗೆ ಬರುವ ಆ ಸಂಖ್ಯೆಗಳು ಲಿನಕ್ಸಿನ ಎರರ್ ನಂಬರುಗಳು. 2 ಅಂದರೆ ಸಾಕೆಟ್ ಫೈಲೇ ಇಲ್ಲ, 13 ಪರ್ಮಿಶನ್ ಇಲ್ಲ, 111 ಆ ಕಡೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ, 110 ಕಾದು ಸಾಕಾಯಿತು. ಯುನಿಕ್ಸ್ ಸಾಕೆಟ್ ಮೇಲೆ 11 ಬಂದರೆ ಎಫ್‌ಪಿಎಂನ ಸರತಿ ತುಂಬಿದೆ; ಆಗ ಎಫ್‌ಪಿಎಂ ಲಾಗಿನಲ್ಲಿ 'ಮ್ಯಾಕ್ಸ್_ಚಿಲ್ಡ್ರನ್ (ವರ್ಕರ್‌ಗಳ ಗರಿಷ್ಠ ಸಂಖ್ಯೆ) ಮುಟ್ಟಿತು' ಅನ್ನುವ ಎಚ್ಚರಿಕೆ ಇದೆಯಾ ನೋಡಿ. ವಾಕ್ಯ ಪೂರ್ತಿ ಓದುವ ಮೊದಲು ಈ ಸಂಖ್ಯೆ ನೋಡುವುದು ನನಗೆ ರೂಢಿ.

ಕೊನೆಗೂ ಬಾಯಿ ಬಿಟ್ಟಿತು

ಮಾರನೆಯ ಬೆಳಿಗ್ಗೆ ಲಾಗ್ ತುಂಬಾ 'ಅನ್‌ಡಿಫೈನ್ಡ್ ಅರ್ರೇ ಕೀ'. ಹಿಂದೆ ಬರೀ ನೋಟಿಸ್ ಆಗಿದ್ದ ಇದನ್ನು ಪಿಎಚ್‌ಪಿ 8 ವಾರ್ನಿಂಗಿಗೆ ಏರಿಸಿದೆ, ಹಳೆಯ ಕೋಡಿನಲ್ಲಿ ಇದಕ್ಕೆ ಬರವಿಲ್ಲ. ಡಿಪ್ರಿಕೇಟೆಡ್ (ಮುಂದೆ ತೆಗೆದುಹಾಕಲಿರುವುದನ್ನು ಬಳಸಿದ್ದೀರಿ ಅನ್ನುವ) ಸಂದೇಶಗಳನ್ನು ಐಎನ್‌ಐಯಲ್ಲಿ ಸದ್ಯಕ್ಕೆ ಹೊರಗಿಟ್ಟೆ. ವಾರ್ನಿಂಗುಗಳನ್ನು ಮಾತ್ರ ಮುಚ್ಚಲಿಲ್ಲ. ಹೆಚ್ಚಿನವು ನಾಲ್ಕೈದು ಜಾಗದಿಂದಲೇ ಹುಟ್ಟುತ್ತಿದ್ದವು, ಸರಿಪಡಿಸುವುದೇ ಸುಲಭವಾಯಿತು.

ಆ ಗದ್ದಲದ ನಡುವೆ ಇತ್ತು ನಮಗೆ ಬೇಕಾದ ಸಾಲು: 'ಅಲೋಡ್ ಮೆಮೊರಿ ಸೈಜ್ ಆಫ್ 134217728 ಬೈಟ್ಸ್ ಎಕ್ಸಾಸ್ಟೆಡ್'. 134217728 ಅಂದರೆ ಸರಿಯಾಗಿ 128 ಎಂಬಿ, ಪಿಎಚ್‌ಪಿಯ ಡೀಫಾಲ್ಟ್ ಮಿತಿ. ಜೊತೆಗಿದ್ದ ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ ಸಿಎಸ್‌ವಿ ಎಕ್ಸ್‌ಪೋರ್ಟಿನದ್ದು. ಇಲ್ಲೊಂದು ಎಚ್ಚರಿಕೆ: ಮೆಮೊರಿ ಎರರ್ ತೋರಿಸುವ ಸಾಲು ಕೊನೆಯ ತುತ್ತು ಕೇಳಿದ ಸಾಲು, ತಟ್ಟೆ ಖಾಲಿ ಮಾಡಿದ್ದು ಬೇರೆಯವರಾಗಿರಬಹುದು. ನಮ್ಮದರಲ್ಲಿ ಅದು ತೋರಿಸಿದ್ದು ದಿನಾಂಕವನ್ನು ಫಾರ್ಮ್ಯಾಟ್ ಮಾಡುವ ನಿರುಪದ್ರವಿ ಸಾಲನ್ನು. ನಿಜವಾದ ಭಾರ ಅದಕ್ಕಿಂತ ಹತ್ತು ಸಾಲು ಮೇಲೆ, ಫೆಚ್‌ಆಲ್. ಕೇಳಿದ ಅವಧಿಯ ಅಷ್ಟೂ ದಾಖಲೆಗಳನ್ನು ಒಟ್ಟಿಗೆ ಅರ್ರೇಗೆ ಎತ್ತಿಕೊಳ್ಳುತ್ತಿತ್ತು. ಒಂದು ತಿಂಗಳು ಕೇಳಿದವರಿಗೆ ಫೈಲ್ ಸಿಗುತ್ತಿತ್ತು, ವರ್ಷ ಪೂರ್ತಿ ಕೇಳಿದವರಿಗೆ ಬಿಳಿ ಪುಟ.

ಕಮಾಂಡ್ ಲೈನಿನಲ್ಲಿ ಯಾಕೆ ಓಡುತ್ತಿತ್ತು? ಡೆಬಿಯನ್ ಕಮಾಂಡ್ ಲೈನಿಗೆ ಬೇರೆಯೇ ಪಿಎಚ್‌ಪಿ.ಐಎನ್‌ಐ ಇಡುತ್ತದೆ. ಅದರಲ್ಲಿ ಮೆಮೊರಿ_ಲಿಮಿಟ್ ಬೆಲೆ -1, ಅಂದರೆ ಮಿತಿಯೇ ಇಲ್ಲ. ನನ್ನ ಮಷೀನಿನಲ್ಲಿ ಸರಿ ಇದೆ ಅನ್ನುವ ಜಗಳದಲ್ಲಿ ಈ ಎರಡು ಫೈಲುಗಳ ಪಾಲು ಸಣ್ಣದಲ್ಲ.

ಮಿತಿಯನ್ನು 512 ಎಂಬಿಗೆ ಏರಿಸಿ ಕೈಬಿಡೋಣ ಅನ್ನುವ ಸಲಹೆ ಬಂತು. ಪೂಲಿನಲ್ಲಿ ಐದು ವರ್ಕರ್ ಇದ್ದರೆ ಮಿತಿಯನ್ನು ಐದರಿಂದ ಗುಣಿಸಿ ನೋಡಬೇಕು, ಐವರೂ ಒಟ್ಟಿಗೆ ವರ್ಷದ ವರದಿ ಕೇಳಿದರೆ ಎರಡೂವರೆ ಜಿಬಿ. ಒಪ್ಪಲಿಲ್ಲ. ಬದಲಿಗೆ ಒಂದೊಂದೇ ದಾಖಲೆ ತೆಗೆದು ಬರೆಯುವ ಹಾಗೆ ಬದಲಿಸಿದೆವು. ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಪಿಡಿಓ ತಾನಾಗಿ ಇಡೀ ಫಲಿತಾಂಶವನ್ನು ಬಫರ್ ಮಾಡಿಕೊಳ್ಳುವುದರಿಂದ ಬರೀ ಫೆಚ್‌ಆಲ್ ತೆಗೆದರೆ ಸಾಲದು, ಬಫರ್ಡ್ ಕ್ವೆರಿಯನ್ನೂ ಆಫ್ ಮಾಡಬೇಕು. ಆಫ್ ಮಾಡಿದರೆ ಆ ಕ್ವೆರಿ ಮುಗಿಯುವ ತನಕ ಅದೇ ಕನೆಕ್ಷನ್ ಮೇಲೆ ಇನ್ನೊಂದು ಕ್ವೆರಿ ಹಾಕಲಾಗದು. ಜೊತೆಗೆ ಆ್ಯಪಿನ ಓಬಿ_ಸ್ಟಾರ್ಟ್ ಹೊರಗೆ ಹೋಗಬೇಕಾದ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು, ಎಕ್ಸ್‌ಪೋರ್ಟ್ ದಾರಿಯಲ್ಲಿ ಅದನ್ನೂ ಬಿಡಿಸಿದೆವು.

ಇದಕ್ಕೊಂದು ಬೆಲೆ ಇದೆ. ಈಗ ಹೆಡರ್ ಮೊದಲೇ ಹೊರಟುಬಿಡುತ್ತದೆ. ಅರ್ಧ ದಾರಿಯಲ್ಲಿ ಏನಾದರೂ ಕೆಟ್ಟರೆ ಆಕ್ಸೆಸ್ ಲಾಗಿನಲ್ಲಿ 200 ಅಂತಲೇ ಇರುತ್ತದೆ, ಬಳಕೆದಾರರ ಕೈಯಲ್ಲಿ ಅರ್ಧ ಸಿಎಸ್‌ವಿ. 500 ಎಣಿಸುವ ಯಾವ ಮಾನಿಟರಿಗೂ ಅದು ಕಾಣದು, ಪಿಎಚ್‌ಪಿ ಲಾಗ್ ಒಂದೇ ಗತಿ. ಆದ್ದರಿಂದ ಎಚ್ಚರಿಕೆ ಕಳಿಸುವ ಸ್ಕ್ರಿಪ್ಟ್ ಆಕ್ಸೆಸ್ ಲಾಗಿನ 500ಗಳ ಜೊತೆಗೆ ಪಿಎಚ್‌ಪಿ ಲಾಗಿನ ಫೇಟಲ್ ಸಾಲುಗಳನ್ನೂ ಎಣಿಸುತ್ತದೆ.

ಎರಡು ಲಾಗ್ ಒಂದಕ್ಕೊಂದು ಸೇರಿಸುವುದು

ಎಂಜಿನ್‌ಎಕ್ಸ್ ಎರರ್ ಲಾಗ್ ಸ್ಥಳೀಯ ಸಮಯ ಬರೆಯುತ್ತದೆ, ಟೈಮ್‌ಜೋನ್ ಹೆಸರು ಹಾಕುವುದಿಲ್ಲ. ಪಿಎಚ್‌ಪಿ ಡೇಟ್.ಟೈಮ್‌ಜೋನ್ ಪ್ರಕಾರ ಬರೆಯುತ್ತದೆ; ಅದನ್ನು ಹೇಳಿರದಿದ್ದರೆ ಯುಟಿಸಿ. ಒಂದೇ ಘಟನೆ ಎರಡು ಕಡೆ ಗಂಟೆಗಟ್ಟಲೆ ದೂರ ಕಾಣುತ್ತದೆ. ಸರ್ವರನ್ನೇ ಯುಟಿಸಿಗೆ ಹಾಕಿ ಸರ್ವೀಸುಗಳನ್ನು ರೀಸ್ಟಾರ್ಟ್ ಮಾಡಿದೆ.

ಎಂಜಿನ್‌ಎಕ್ಸ್‌ನ ಎರರ್ ಲಾಗಿನ ಫಾರ್ಮ್ಯಾಟ್ ಬದಲಿಸಲು ಬರುವುದಿಲ್ಲ. ಆದರೆ ವಿನಂತಿಗೆ ಸಂಬಂಧಿಸಿದ ಸಾಲುಗಳಲ್ಲಿ ನಕ್ಷತ್ರ ಗುರುತಿನ ಮುಂದೆ ಒಂದು ಸಂಖ್ಯೆ ಇರುತ್ತದೆ, ಅದು ಕನೆಕ್ಷನ್ ಸಂಖ್ಯೆ. ಆಕ್ಸೆಸ್ ಲಾಗಿನ ಫಾರ್ಮ್ಯಾಟಿಗೆ ಕನೆಕ್ಷನ್ ಅನ್ನುವ ವೇರಿಯೆಬಲ್ ಸೇರಿಸಿದರೆ ಎರಡೂ ಹೊಂದುತ್ತವೆ. ಕೀಪ್‌ಅಲೈವ್ ಕನೆಕ್ಷನ್ನಿನಲ್ಲಿ ಹಲವು ವಿನಂತಿ ಬರುವುದರಿಂದ ಕನೆಕ್ಷನ್_ರಿಕ್ವೆಸ್ಟ್ಸ್ ಕೂಡ ಹಾಕಿದೆ. ಪಿಎಚ್‌ಪಿ ಜೊತೆ ಹೊಂದಿಸಲು 1.11.0ರಿಂದ ಇರುವ ರಿಕ್ವೆಸ್ಟ್_ಐಡಿ, 32 ಅಕ್ಷರದ ಹೆಕ್ಸ್. ಅದನ್ನು ಫಾಸ್ಟ್‌ಸಿಜಿಐ ಪ್ಯಾರಾಮೀಟರಾಗಿ ಕಳಿಸಿ, ಆ್ಯಪಿನ ಲಾಗರ್ ಪ್ರತಿ ಸಾಲಿನ ಮೊದಲಿಗೆ ಹಾಕುವಂತೆ ಮಾಡಿದೆವು. ಶಟ್‌ಡೌನ್ ಫಂಕ್ಷನ್ ಕೂಡ ಫೇಟಲ್ ಆದಾಗ ಅದನ್ನೇ ಬರೆಯುತ್ತದೆ. ಮೆಮೊರಿ ಮುಗಿದು ಸತ್ತಾಗ ಬರೆಯಲೂ ಮೆಮೊರಿ ಬೇಕಲ್ಲ, ಅದಕ್ಕೆ ಶುರುವಿನಲ್ಲೇ ಕೆಲವು ಕಿಲೋಬೈಟಿನ ಸ್ಟ್ರಿಂಗ್ ಒಂದನ್ನು ಕಾಯ್ದಿಟ್ಟು ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಬಿಟ್ಟುಕೊಡುವ ಹಳೆಯ ಉಪಾಯ.

ಲಾಗಿಗೆ ಗುಟ್ಟು ಸೋರದ ಹಾಗೂ ನೋಡಿಕೊಳ್ಳಬೇಕು. ಸ್ಟ್ಯಾಕ್ ಟ್ರೇಸಿನಲ್ಲಿ ಫಂಕ್ಷನ್ನಿನ ಆರ್ಗ್ಯುಮೆಂಟುಗಳು ಬಂದರೆ ಪಾಸ್‌ವರ್ಡ್ ಕೂಡ ಬರಬಹುದು. 7.4ರಿಂದ ಜೆಂಡ್.ಎಕ್ಸೆಪ್ಶನ್_ಇಗ್ನೋರ್_ಆರ್ಗ್ಸ್ ಇದೆ, ಆನ್ ಇರಲಿ.

ರೊಟೇಟ್

ಲಾಗ್‌ರೊಟೇಟ್ ಬಗ್ಗೆ ಬರೆದದ್ದು ಬೇಕಾದಷ್ಟು ಸಿಗುತ್ತದೆ, ಎಡವುವ ಜಾಗ ಮಾತ್ರ ಹೇಳುತ್ತೇನೆ. ತೆರೆದ ಫೈಲಿನ ಹೆಸರು ಬದಲಿಸಿದರೆ ಪ್ರೋಸೆಸ್ಸಿಗೆ ಗೊತ್ತಾಗುವುದಿಲ್ಲ, ಹಳೆಯ ಫೈಲಿಗೇ ಬರೆಯುತ್ತಿರುತ್ತದೆ. ಅಳಿಸಿದರೂ ಅಷ್ಟೇ: ಡಿಸ್ಕ್ ಜಾಗ ಬಿಡುಗಡೆಯಾಗುವುದು ಆ ಪ್ರೋಸೆಸ್ ಫೈಲ್ ಮುಚ್ಚಿದ ಮೇಲೆ. ಡಿಸ್ಕ್ ಬಳಕೆಗೆ ಡಿಯು ಕಮಾಂಡ್ ಒಂದು ಲೆಕ್ಕ, ಡಿಎಫ್ ಇನ್ನೊಂದು ಲೆಕ್ಕ ಹೇಳಿದರೆ 'ಎಲ್‌ಎಸ್‌ಓಎಫ್ +ಎಲ್1' ಹಾಕಿ ನೋಡಿ. ಎಂಜಿನ್‌ಎಕ್ಸ್‌ಗೂ ಎಫ್‌ಪಿಎಂಗೂ ಯುಎಸ್‌ಆರ್1 ಸಿಗ್ನಲ್ ಕಳಿಸಿದರೆ ತಮ್ಮ ಲಾಗುಗಳನ್ನು ಮತ್ತೆ ತೆರೆಯುತ್ತವೆ. ಪ್ಯಾಕೇಜಿನ ಜೊತೆ ಬರುವ ರೊಟೇಟ್ ಫೈಲುಗಳು ಇದನ್ನು ನೋಡಿಕೊಳ್ಳುತ್ತವೆ.

ಪಿಎಚ್‌ಪಿಯ ಎರರ್_ಲಾಗ್ ಫೈಲಿಗೆ ಅದರ ಅಗತ್ಯವೇ ಇಲ್ಲ. ಅದು ಪ್ರತಿ ಸಂದೇಶಕ್ಕೂ ಫೈಲ್ ತೆರೆದು, ಕೊನೆಗೆ ಸೇರಿಸಿ, ಮುಚ್ಚುತ್ತದೆ. ಹಾಗಾಗಿ ನನ್ನ ರೊಟೇಟ್ ಫೈಲಿನಲ್ಲಿ ಪೋಸ್ಟ್‌ರೊಟೇಟ್ ಭಾಗವಿಲ್ಲ: ದಿನಕ್ಕೊಮ್ಮೆ, 14 ಪ್ರತಿ, ಕಂಪ್ರೆಸ್, ಖಾಲಿ ಇದ್ದರೆ ಬಿಡು, ಮತ್ತು ಬಹಳ ಮುಖ್ಯವಾಗಿ 'ಕ್ರಿಯೇಟ್ 0640' ಅದೇ ಒಡೆಯ, ಅದೇ ಗುಂಪು. ಡೈರೆಕ್ಟರಿ ರೂಟ್ ಹೆಸರಲ್ಲಿರುವುದರಿಂದ ಕ್ರಿಯೇಟ್ ಇಲ್ಲದಿದ್ದರೆ ಹೊಸ ಫೈಲನ್ನು ಪಿಎಚ್‌ಪಿ ತಾನೇ ಹುಟ್ಟಿಸಿಕೊಳ್ಳಲಾಗದು, ಮೊದಲ ರಾತ್ರಿಯ ನಂತರ ಸಂದೇಶಗಳೆಲ್ಲ ಮತ್ತೆ ಎಂಜಿನ್‌ಎಕ್ಸ್ ಕಡೆ ತಿರುಗುತ್ತವೆ. ಕಾಪಿಟ್ರಂಕೇಟ್ ಬಳಸಲಿಲ್ಲ. ನಕಲು ಮಾಡುವುದಕ್ಕೂ ಕತ್ತರಿಸುವುದಕ್ಕೂ ನಡುವಿನ ಕ್ಷಣದಲ್ಲಿ ಬಂದ ಸಾಲುಗಳು ಹೋಗುತ್ತವೆ. ಮ್ಯಾಕ್ಸ್‌ಸೈಜ್ 100 ಎಂಬಿ ಹಾಕಿದ್ದೇನೆ, ಆದರೆ ಲಾಗ್‌ರೊಟೇಟ್ ಓಡಿದಾಗ ಮಾತ್ರ ಗಾತ್ರ ನೋಡುತ್ತದೆ. ಡೆಬಿಯನ್ನಿನ ಟೈಮರ್ ದಿನಕ್ಕೊಮ್ಮೆ, ಅದನ್ನು ಗಂಟೆಗೊಮ್ಮೆ ಮಾಡಿದೆ. 'ಲಾಗ್‌ರೊಟೇಟ್ -ಡಿ' ಹಾಕಿದರೆ ಏನು ಮಾಡುತ್ತೇನೆ ಅಂತ ಹೇಳುತ್ತದೆ, ಮಾಡುವುದಿಲ್ಲ. '-ಎಫ್' ಹಾಕಿ ಒಮ್ಮೆ ಬಲವಂತವಾಗಿ ತಿರುಗಿಸಿ, ಮತ್ತೆ ಪರೀಕ್ಷಾ ಪುಟ ಕರೆದು ಸಾಲು ಹೊಸ ಫೈಲಿಗೇ ಬಿತ್ತು ಅನ್ನುವುದನ್ನು ಖಚಿತ ಮಾಡಿಕೊಂಡೆ.

ಉಳಿದದ್ದು ಕ್ರಾನ್ ಕೆಲಸಗಳು, ಅಂದರೆ ನಿಗದಿತ ಹೊತ್ತಿಗೆ ತಾವಾಗಿ ಓಡುವ ಕಮಾಂಡುಗಳು. ಪೂಲಿನಲ್ಲಿ ಬರೆದ ಯಾವ ಸೆಟ್ಟಿಂಗೂ ಕಮಾಂಡ್ ಲೈನಿಗೆ ತಟ್ಟುವುದಿಲ್ಲ, ಅಲ್ಲಿ ಎರರ್ ಹೋಗುವುದು ಎಸ್‌ಟಿಡಿಎರ್‌ಗೆ, ಕ್ರಾನ್ ಅದನ್ನು ಮೇಲ್ ಮಾಡಲು ನೋಡುತ್ತದೆ, ಈ ಸರ್ವರಿನಲ್ಲಿ ಮೇಲ್ ವ್ಯವಸ್ಥೆಯೇ ಇರಲಿಲ್ಲ. ಸಿಎಲ್‌ಐ ಕಾನ್ಫ್.ಡಿ ಡೈರೆಕ್ಟರಿಯಲ್ಲಿ 99ರಿಂದ ಶುರುವಾಗುವ ಹೆಸರಿನ ಒಂದು ಐಎನ್‌ಐ ಫೈಲ್ ಇಟ್ಟು, ಎರರ್_ಲಾಗ್ ಅನ್ನು 'ಸಿಸ್‌ಲಾಗ್' (ಸಿಸ್ಟಮ್ಮಿನ ಸಾಮಾನ್ಯ ಲಾಗ್ ವ್ಯವಸ್ಥೆ) ಅಂತ ಕೊಟ್ಟೆ. ಕ್ರಾನ್ ಬೇರೆ ಬೇರೆ ಬಳಕೆದಾರರ ಹೆಸರಲ್ಲಿ ಓಡುವುದರಿಂದ ಒಂದೇ ಫೈಲಿಗೆ ಎಲ್ಲರಿಗೂ ಬರೆಯುವ ಅನುಮತಿ ಕೊಡುವುದು ತಲೆನೋವು, ಸಿಸ್‌ಲಾಗ್ ಆದರೆ ಆ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿಯ ಮೆಮೊರಿ_ಲಿಮಿಟ್ ಕೂಡ -1 ತೆಗೆದು 512 ಎಂಬಿ ಮಾಡಿದೆ.